ಸತ್ತ ಬೆಕ್ಕಿನ ಪಾಲು

ಕೌಲೂನ್,
ನವೆಂಬರ್ ೧೪, ಗುರುವಾರ

ಪ್ರೀತಿಯ ಅಜ್ಜಿ,

ನಿನ್ನ ಮಂಡಿನೋವು ಹೇಗಿದೆ? ಝೋಂಗ್‌ಶಾನ್‌ನಲ್ಲಿ ಮಾವನ ಮನೆಗೆ ಲಿಫ್ಟ್ ಇಲ್ಲವಂತೆ. ದಿನಕ್ಕೆ ಒಂದೇ ಸಲ ಇಳಿ, ಕೆಳಗಿನ ಮನೆಯವರ ಜೊತೆ ‘ನೀರು ಊದುತ್ತಾ’ ಹರಟೆಗೆ ನಿಂತುಬಿಡಬೇಡ. ನಾನು ಈ ಕಾಲೇಜು ಹಾಸ್ಟೆಲಿನಲ್ಲಿ ಚೆನ್ನಾಗಿದ್ದೇನೆ. ಮಂಚದ ಮೇಲೆ ಕೂತೇ ಕಿಟಕಿ, ಬಾಗಿಲು ಎರಡನ್ನೂ ಮುಟ್ಟಬಹುದು, ಅಷ್ಟು ದೊಡ್ಡ ಕೋಣೆ. ಏಳನೆಯ ವಯಸ್ಸಿನಿಂದ ಇಂಗ್ಲೆಂಡಿನ ಹಾಸ್ಟೆಲುಗಳಲ್ಲೇ ಬೆಳೆದವಳಿಗೆ ಅದೇನೂ ಕಷ್ಟವಲ್ಲ. ಕಷ್ಟ ಮಾತಿನದು. ಏಳು ವರ್ಷದೊಳಗೆ ನಿನ್ನ ಬಾಯಿಂದ ಕಲಿತ ಕ್ಯಾಂಟನೀಸ್ ಅಷ್ಟೇ ನನ್ನದು. ನನ್ನ ಮುಖದ ಮೇಲೆ ಅಪ್ಪನ ಬಿಳಿಯರ ಮೂಗು ಕಂಡ ಕೂಡಲೇ ಇಲ್ಲಿಯ ಹುಡುಗಿಯರು ಇಂಗ್ಲಿಷಿಗೆ ಹೊರಳುತ್ತಾರೆ. ಮೊದಲ ವಾರ ಪುಕ್ಕಟೆ ಊಟ ಮುಗಿದ ಮೇಲೆ ಹೋಗಿ, ಏನಾದರೂ ಕೈತಪ್ಪಿದಾಗ ನೀನು ಹೇಳುತ್ತಿದ್ದಂತೆಯೇ “ಛೆ, ಕೋಳಿ ಓಡಿಹೋಯ್ತು” ಅಂದೆ. “ಅಯ್ಯೋ, ಈ ಬಿಳಿದೆವ್ವ ಮೀನು ಮಾರೋ ಮುದುಕಿ ಥರ ಮಾತಾಡ್ತಾಳೆ ಕಣ್ರೇ!” ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ನಾನೂ ಇಂಗ್ಲಿಷಿಗೇ ಹೊರಳಿದೆ.

ಭಾನುವಾರ ನಮ್ಮ ಮಹಡಿಯ ಹಿರಿಯಳು ಪುಯಿ-ಶಾನ್ ಕೋಣೆಯೊಳಗೇ ಕದ್ದು ಕರೆಂಟ್ ಒಲೆ ಹಚ್ಚಿ ಅಡುಗೆಗಿಟ್ಟಳು. ಹಬೆಗೆ ಬೆಂಕಿಯ ಗಂಟೆ ಹೊಡೆದುಕೊಂಡು, ಇಡೀ ಹಾಸ್ಟೆಲ್ ಮಧ್ಯಾಹ್ನದ ಬಿಸಿಲಲ್ಲಿ ಬೀದಿಗೆ ಬಂತು. ಅವಳ ಮೇಲೆ ಆಗಲೇ ಒಂದು ಎಚ್ಚರಿಕೆ ಇದೆ, ಇನ್ನೊಂದಾದರೆ ಹೊರಗೆ. ಮನೆಯಲ್ಲಿ ಅವಳಿಗೆ ಮಲಗಲೂ ಜಾಗವಿಲ್ಲ. ಸಂಜೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿ, ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ, “ತಂಗೀ, ಈ ಸತ್ತ ಬೆಕ್ಕನ್ನ ನೀನೇ ತಿಂದ್ಬಿಡೇ. ನಿಂದು ಮೊದಲ್ನೇ ತಪ್ಪು. ಇಂಗ್ಲಿಷಲ್ಲಿ ಎರಡು ಹನಿ ಕಣ್ಣೀರು ಹಾಕಿದ್ರೆ ವಾರ್ಡನ್ ಕರಗಿಹೋಗ್ತಾರೆ” ಅಂದಳು. ಊರವರ ತಪ್ಪು ತಲೆಯ ಮೇಲೆ ಹೊತ್ತವರನ್ನು ಕಂಡರೆ ನೀನೂ ಹಾಗೇ ಅನ್ನುತ್ತಿದ್ದೆ, “ಬೆಕ್ಕು ತಿಂದೋರಿಗೇ ಗೊತ್ತು ಅದರ ನಾತ” ಅಂತ. ಒಲೆ ನನ್ನದೆಂದು ಬರೆದು ಸಹಿ ಹಾಕಬೇಕಂತೆ. ಹಾಕದಿದ್ದರೆ ಈ ಮಹಡಿಯಲ್ಲಿ ನನ್ನ ಪಕ್ಕ ಊಟಕ್ಕೆ ಯಾರೂ ಕೂರುವುದಿಲ್ಲ. ಹಾಕಿದರೆ ಏನು ಕಾದಿದೆಯೋ. ಏನು ಮಾಡಲಿ, ಹೇಳು.

ಮಾವ, ಅತ್ತೆಯವರಿಗೆ ನನ್ನ ನೆನಪು ತಿಳಿಸು. ತಣ್ಣೀರು ಕುಡಿಯಬೇಡ.

ನಿನ್ನ ಮೊಮ್ಮಗಳು,
ಲೋಕ್-ಯಿ

ಮರೆತ ಮಾತು: ಏನು ಮಾಡಲಿ ಅಂದದ್ದು ಸುಳ್ಳು ಅಜ್ಜಿ. ಸೋಮವಾರವೇ ಸಹಿ ಹಾಕಿಬಿಟ್ಟೆ. ಅವಳು ತಂಗೀ ಅಂದಳಲ್ಲ, ಅಷ್ಟಕ್ಕೇ. ವಾರ್ಡನ್ ಕರಗಲಿಲ್ಲ, ಬೆಂಕಿಯ ಗಂಟೆ ಹೊಡೆಸಿದ್ದಕ್ಕೆ ಬರೀ ಎಚ್ಚರಿಕೆ ಸಾಲದಂತೆ, ತಿಂಗಳ ಕೊನೆಗೆ ಕೋಣೆ ಬಿಡಬೇಕು. ನಿನ್ನೆ ಪುಯಿ-ಶಾನ್ ಎದುರು ಸಿಕ್ಕಳು. ‘ಸಾರಿ’ ಅಂದಳು, ಇಂಗ್ಲಿಷಿನಲ್ಲಿ. ಇಲ್ಲೇ ಶಾಮ್ ಶುಯಿ ಪೋದಲ್ಲಿ ನೀನು ಮುಚ್ಚಿಟ್ಟು ಹೋದ ಮನೆಯ ಬೀಗದ ಕೈ ಯಾರ ಹತ್ತಿರ ಇದೆ? ಬ್ರಿಸ್ಟಲ್‌ನಲ್ಲಿರುವ ಅಮ್ಮನಿಗೆ ಮಾತ್ರ ಏನೂ ಹೇಳಬೇಡ.