ಎಲ್ಲಿಗೆಂದು ಕೇಳಲು ಅನುಮತಿ ಕೋರಿ

ಮೆರವಣಿಗೆ, ಧರಣಿ, ರಸ್ತೆ ತಡೆಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ರಸ್ತೆ ಮುಚ್ಚಲು ಅನುಮತಿ ಕೇಳಿದಾಗಲೆಲ್ಲ ತಾವು ಕೊಟ್ಟಿದ್ದೀರಿ. ಮುಚ್ಚಿದ ರಸ್ತೆಯಲ್ಲಿ ಒಂದು ಕಾರು ಹೋಗುವಷ್ಟು ದಾರಿ ಬಿಡಲು ಇದೇ ಮೊದಲ ಬಾರಿಗೆ ಅನುಮತಿ ಕೇಳಿದೆ, ನಿರಾಕರಿಸಿದ್ದೀರಿ. ನನ್ನ ದೂರು ಇಷ್ಟೇ. ಮುಖತಃ ಹೇಳೋಣವೆಂದು ಮೂರು ಸಲ ಕಚೇರಿಗೆ ಬಂದೆ, ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಊರಿನವರೆಲ್ಲರ ಎದುರೇ ಬರೆಯುತ್ತಿದ್ದೇನೆ.

ವಿಷಯ ತಮಗೆ ನೆನಪಿರಲಿಕ್ಕಿಲ್ಲ. ಬರುವ ತಿಂಗಳು ನಂತೂರು ವೃತ್ತದಲ್ಲಿ ನಮ್ಮ ಮೀನುಗಾರರ ಸಂಘ ಎರಡು ಗಂಟೆಯ ಸಾಂಕೇತಿಕ ರಸ್ತೆ ತಡೆ ನಡೆಸಲಿದೆ. ಬೇಡಿಕೆ ಹಳೆಯದೇ: ನದಿ ಕಡಲು ಸೇರುವ ಅಳಿವೆ ಬಾಗಿಲಿನ ಹೂಳು ತೆಗೆಯಿರಿ, ದೋಣಿ ಮಗುಚುವುದು ನಿಲ್ಲಲಿ. ‘ಸಾಂಕೇತಿಕ’ ಎಂಬ ಪದ ಸೇರಿಸಲು ನನಗೆ ಕಲಿಸಿದ್ದು ತಮ್ಮ ಕಚೇರಿಯವರೇ. ಆ ಒಂದು ಪದ ಇದ್ದರೆ ರಸ್ತೆಯಲ್ಲಿ ನಿಂತ ಲಾರಿಗಳೆಲ್ಲ ಕಡತದಲ್ಲಿ ಓಡುತ್ತಲೇ ಇರುತ್ತವೆ. ಅರ್ಜಿಯ ಮೊದಲ ನಾಲ್ಕು ಕಲಂಗಳನ್ನು ಇಪ್ಪತ್ತೆಂಟು ವರ್ಷಗಳಿಂದ ಸಂಘದ ಕಾರ್ಯದರ್ಶಿಯಾಗಿ ನಾನೇ ಬರೆಯುತ್ತಿದ್ದೇನೆ, ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಈ ಸಲ ಐದನೆಯದೊಂದನ್ನು ಸೇರಿಸಿದೆ: ‘ತಡೆಯ ವೇಳೆ ನಮ್ಮ ಸದಸ್ಯರೊಬ್ಬರು ನಿಂತ ವಾಹನಗಳ ಬಳಿಗೆ ಹೋಗಿ, ಎಲ್ಲಿಗೆ ಹೋಗಬೇಕೆಂದು ಕೇಳಿ, ಅವಸರವಿರುವ ಪರವೂರಿನವರಿಗೆ ಒಂದು ಬದಿಯಲ್ಲಿ ದಾರಿ ಮಾಡಿಕೊಡುವರು.’ ಅದಕ್ಕೆ ತಮ್ಮ ಹಿಂಬರಹ: ‘ರಸ್ತೆಯನ್ನು ತಡೆಯುವುದು ಮತ್ತು ಬಿಡುವುದು ಪರಸ್ಪರ ವಿರುದ್ಧ ಕ್ರಿಯೆಗಳಾಗಿದ್ದು, ಎರಡನ್ನೂ ಏಕಕಾಲದಲ್ಲಿ ಕೈಗೊಳ್ಳಲು ಅವಕಾಶವಿರುವುದಿಲ್ಲ. ಐದನೇ ಕಲಂ ಕೈಬಿಟ್ಟು ಮರು ಅರ್ಜಿ ಸಲ್ಲಿಸತಕ್ಕದ್ದು.’ ಭಾಷೆ ಬಹಳ ಚೆನ್ನಾಗಿದೆ, ಸ್ವಾಮಿ. ಎರಡು ಸಲ ಓದಿ ಸಂತೋಷಪಟ್ಟೆ.

ಇಷ್ಟು ವರ್ಷ ಇಲ್ಲದ ಐದನೇ ಕಲಂ ಈಗೇಕೆ ಎಂದು ತಾವು ಕೇಳಬಹುದು. ಕೇಳಿದ್ದರೆ ಚೆನ್ನಾಗಿತ್ತು, ಕೇಳಲಿಲ್ಲ. ಆದರೂ ಹೇಳುತ್ತೇನೆ.

ನನ್ನ ಮಗಳು ಮೋಕ್ಷಾ ಜರ್ಮನಿಯಲ್ಲಿ ನರ್ಸ್. ಮಗ ಭುವನ್ ಸರಕು ಹಡಗಿನ ಎಂಜಿನ್ ರೂಮಿನಲ್ಲಿದ್ದಾನೆ. ಕಳೆದ ಮೇ ತಿಂಗಳಲ್ಲಿ ಮೋಕ್ಷಾ ನನ್ನನ್ನೂ ನನ್ನ ಹೆಂಡತಿ ಮೋಹಿನಿಯನ್ನೂ ಕರೆಸಿಕೊಂಡು, ಹತ್ತು ದಿನ ರಜೆ ಹಾಕಿ, ಕಾರಿನಲ್ಲಿ ಊರು ತೋರಿಸಲು ಹೊರಟಳು. ಕೋಟೆ ನೋಡಿದೆವು, ಇಗರ್ಜಿ ನೋಡಿದೆವು, ಗಾಳಿಯಂತ್ರ ನೋಡಿದೆವು. ಮೋಹಿನಿಗೆ ಅದು ಯಾವುದೂ ಬೇಕಿರಲಿಲ್ಲ. ಅವಳು ಹೊರಟದ್ದೇ ಆರನೇ ದಿನಕ್ಕಾಗಿ. ಆ ದಿನ ಭುವನ್‌ನ ಹಡಗು ಫ್ರಾನ್ಸಿನ ಉತ್ತರ ಕರಾವಳಿಯ ಒಂದು ಬಂದರಿಗೆ ಬರುವುದಿತ್ತು. ಹನ್ನೆರಡರಿಂದ ಎರಡು ಗಂಟೆಯ ತನಕ ಅವನಿಗೆ ಬಂದರಿನ ಗೇಟಿನ ಹೊರಗೆ ಬರಲು ಅನುಮತಿ ಸಿಕ್ಕಿತ್ತು. ಅವನನ್ನು ನೋಡಿ ಹದಿನಾಲ್ಕು ತಿಂಗಳಾಗಿತ್ತು. ಮಂಗಳೂರಿನಿಂದ ತಂದ ಒಣ ಸಿಗಡಿ ಚಟ್ನಿಯ ಸ್ಟೀಲ್ ಡಬ್ಬಿಯನ್ನು ಮೋಹಿನಿ ಬೆಳಗ್ಗಿನಿಂದಲೇ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಬಂದರಿಗೆ ಆರೇ ಕಿಲೋಮೀಟರ್ ಇರುವಾಗ, ಹನ್ನೊಂದು ಗಂಟೆಗೆ, ಕಾರುಗಳ ಸಾಲು ನಿಂತುಬಿಟ್ಟಿತು. ಮುಂದೆ ರಸ್ತೆ ತಡೆ. ಯಾರದ್ದು ಗೊತ್ತುಂಟಾ? ಮೀನುಗಾರರದ್ದು! ಡೀಸೆಲ್ ದರದ ವಿರುದ್ಧ!

ಮೋಕ್ಷಾ ಸ್ಟಿಯರಿಂಗಿಗೆ ಹಣೆ ಒರಗಿಸಿದಳು. ನಾನು ಬಾಗಿಲು ತೆರೆದೆ.

“ನೀವು ಎಲ್ಲಿಗೆ ಮಾರಾಯ್ರೆ? ಕೂತುಕೊಳ್ಳಿ ಸುಮ್ಮನೆ” ಎಂದಳು ಮೋಹಿನಿ.

“ಸ್ವಲ್ಪ ನೋಡಿ ಬರ್ತೇನೆ. ಎಷ್ಟು ಹೊತ್ತು ಅಂತ ಗೊತ್ತಾಗ್ತದೆ.”

ಚಾರ್ಜಿಗಿಟ್ಟ ನನ್ನ ಫೋನ್ ಕಾರಿನಲ್ಲೇ ಉಳಿಯಿತು.

ನಿಜ ಹೇಳುತ್ತೇನೆ, ನಾನು ಹೋದದ್ದು ಎಷ್ಟು ಹೊತ್ತು ಎಂದು ತಿಳಿಯಲು ಅಲ್ಲ. ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದವನಿಗೆ ಪಕ್ಕದ ಮನೆಯ ಅಡುಗೆಯ ವಾಸನೆ ಬಂದರೆ ಸುಮ್ಮನಿರಲು ಆಗುತ್ತದೆಯೇ? ಒಂದು ಕಿಲೋಮೀಟರ್ ನಡೆದು, ಅವರು ತಡೆ ಹಾಕಿದ್ದ ವೃತ್ತಕ್ಕೆ ಬಂದೆ. ಬಲೆಗಳನ್ನು ರಾಶಿ ಹಾಕಿದ್ದಾರೆ, ಮೀನಿನ ಬುಟ್ಟಿಗಳನ್ನು ಅಡ್ಡ ಜೋಡಿಸಿದ್ದಾರೆ, ದೊಡ್ಡ ಪಾತ್ರೆಯಲ್ಲಿ ಸೂಪ್ ಕುದಿಯುತ್ತಿದೆ. ವ್ಯವಸ್ಥೆ ನಮಗಿಂತ ಚೆನ್ನಾಗಿತ್ತು, ಘೋಷಣೆ ಮಾತ್ರ ತೀರಾ ಸಪ್ಪೆ. ಕೈ ನೋಡಿದರೆ ಮೀನುಗಾರ ಮೀನುಗಾರನನ್ನು ಗುರುತಿಸುತ್ತಾನೆ. ಜಾಗ ಕೊಟ್ಟರು, ಕೂತೆ. ಸೂಪ್ ಕೊಟ್ಟರು, ಕುಡಿದೆ. ಆಮೇಲೆ ಎದ್ದು ನಿಂತು ‘ಬೇಕೇ ಬೇಕು’ ಎಂದೆ. ಹತ್ತು ನಿಮಿಷದಲ್ಲಿ ಅವರೆಲ್ಲ ‘ನ್ಯಾಯ ಬೇಕು’ ಎನ್ನಲು ಕಲಿತರು. ಫ್ರಾನ್ಸಿನ ಸಮುದ್ರ ತೀರದಲ್ಲಿ ಇನ್ನೂರು ಮಂದಿ ಕನ್ನಡದಲ್ಲಿ ನ್ಯಾಯ ಕೇಳುವಾಗ ನನಗೆ ಗಂಟೆ ನೋಡಬೇಕೆಂದು ಅನ್ನಿಸಲೇ ಇಲ್ಲ.

ಅತ್ತ, ನಿಂತ ಕಾರುಗಳ ನಡುವೆ ಹಳದಿ ಜಾಕೆಟ್ ಹಾಕಿದ ಹೆಂಗಸೊಬ್ಬಳು ನಡೆದು ಬರುತ್ತಿದ್ದಳಂತೆ. ಅವಳೂ ಮೀನುಗಾರರ ಸಂಘದವಳೇ. ಪ್ರತಿ ಕಿಟಕಿಗೂ ಬಗ್ಗಿ ಒಂದೇ ಪ್ರಶ್ನೆ: ಎಲ್ಲಿಗೆ? ಮುಕ್ಕಾಲುಪಾಲು ಜನ ಪ್ರವಾಸಕ್ಕೆ ಬಂದವರು. ಒಬ್ಬರಿಗೆ ಇಂಗ್ಲೆಂಡಿಗೆ ಹೋಗುವ ಫೆರಿ ತಪ್ಪುತ್ತದೆ, ಒಬ್ಬರ ಮಗುವಿಗೆ ಜ್ವರ. ಅವಸರದವರನ್ನು ಒಂದು ಬದಿಯಿಂದ ಬಿಡಿಸುತ್ತಾ, ಉಳಿದವರಿಗೆ ಕ್ಷಮಿಸಿ ಎನ್ನುತ್ತಾ, ಹನ್ನೆರಡೂ ಮುಕ್ಕಾಲಿಗೆ ನಮ್ಮ ಕಾರಿನ ಬಳಿ ಬಂದಳು. ಮೋಕ್ಷಾ ಹೇಳಿದಳು: ಅಣ್ಣ, ಹಡಗು, ಎರಡು ಗಂಟೆ. ಹೆಂಗಸು ಮೋಹಿನಿಯ ಮಡಿಲಲ್ಲಿದ್ದ ಡಬ್ಬಿ ನೋಡಿದಳು, ಸೀಟಿ ಊದಿದಳು, ದಾರಿ ತೆರೆಯಿತು.

ದಾರಿ ತೆರೆಯಿತು, ಆದರೆ ನಾನಿರಲಿಲ್ಲ.

ಮುಕ್ಕಾಲು ಗಂಟೆ ಮೋಕ್ಷಾ ನನ್ನನ್ನು ಹುಡುಕಿದಳು. ಕೊನೆಗೆ ಕನ್ನಡದ ಘೋಷಣೆ ಕೇಳಿ ಬಂದು ಕೈ ಹಿಡಿದು ಎಳೆದಳು. “ಅಪ್ಪ, ಎಂತ ಮಾಡ್ತಿದ್ದೀರಿ ನೀವು? ಅವರು ನಮಗೆ ದಾರಿ ಬಿಟ್ಟು ಎಷ್ಟು ಹೊತ್ತಾಯ್ತು!” ಎಂದು ಅತ್ತುಬಿಟ್ಟಳು. ಗೇಟಿಗೆ ತಲುಪುವಾಗ ಎರಡಕ್ಕೆ ಹನ್ನೊಂದು ನಿಮಿಷ ಬಾಕಿ. ಭುವನ್ ಬಿಸಿಲಿನಲ್ಲಿ ನಿಂತಿದ್ದ, ತೆಳ್ಳಗಾಗಿದ್ದ. ಮೋಹಿನಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಹೊತ್ತು ಕಳೆದಳು, ಉಳಿದರ್ಧದಲ್ಲಿ ಚಟ್ನಿ ಕೊಟ್ಟಳು.

“ಯಾಕೆ ಅಮ್ಮ ಇಷ್ಟು ಲೇಟ್? ಬರುದಿಲ್ಲ ಅಂತಲೇ ಎಣಿಸಿದ್ದೆ” ಎಂದ ಅವನು.

“ರಸ್ತೆ ಬಂದ್ ಇತ್ತು ಮಗ” ಎಂದಳು ಮೋಹಿನಿ. ನನ್ನ ಕಡೆ ನೋಡಲಿಲ್ಲ.

ಮೂವತ್ತು ವರ್ಷ ಮೀನು ಮಾರಿದ ಹೆಂಗಸು ಅವಳು. ಯಾರನ್ನೂ ಬೈಯದೆ ಬಿಟ್ಟವಳಲ್ಲ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಹೇಳಿದ್ದು ಒಂದೇ ಮಾತು: “ನಾನು ಅವನಿಗೆ ಹೇಳಲಿಲ್ಲ. ಯಾವಾಗಲಾದರೂ ನೀವೇ ಹೇಳಿ.”

ಊರಿಗೆ ಬಂದ ಮೇಲೆ ನಾನು ಸಂಘದ ಕಚೇರಿಯ ಗೋಡೆ ನೋಡಿದೆ. ಅಲ್ಲಿ ಕಟ್ಟು ಹಾಕಿಸಿದ ಒಂದು ಪತ್ರಿಕೆಯ ಚಿತ್ರವಿದೆ, ಒಂಬತ್ತು ವರ್ಷ ಹಳೆಯದು. ನಂತೂರಿನ ನಮ್ಮ ರಸ್ತೆ ತಡೆ. ಮಲಗುವ ಕೋಣೆ, ಅಡುಗೆ ಕೋಣೆ ಎಲ್ಲ ಇರುವ ದೊಡ್ಡ ವ್ಯಾನಿನಲ್ಲಿ ಊರೂರು ಸುತ್ತುತ್ತಿದ್ದ ವಿದೇಶಿ ಗಂಡ ಹೆಂಡತಿ ಆ ದಿನ ನಮ್ಮ ನಡುವೆ ಸಿಕ್ಕಿಹಾಕಿಕೊಂಡಿದ್ದರು. ನಾವೇನೂ ಕೆಟ್ಟವರಲ್ಲ, ಇಬ್ಬರಿಗೂ ಎಳನೀರಿನ ಬೊಂಡ ಕೆತ್ತಿ ಕೊಟ್ಟೆವು. ಗಲ್ಫಿನಲ್ಲಿ ಹನ್ನೆರಡು ವರ್ಷ ಇದ್ದು ಬಂದ ಮೀನು ವ್ಯಾಪಾರಿ ಝಕರಿಯಾ ತನ್ನ ಇಂಗ್ಲಿಷಿನಲ್ಲಿ “ಟೂ ಅವರ್, ನೋ ಪ್ರಾಬ್ಲಮ್” ಎಂದು ಸಮಾಧಾನ ಹೇಳಿದ. ಮರುದಿನದ ಪತ್ರಿಕೆಯಲ್ಲಿ ‘ಮೀನುಗಾರರ ಹೋರಾಟಕ್ಕೆ ವಿದೇಶಿಯರ ಬೆಂಬಲ’ ಎಂದು ಬಂತು. ಚಿತ್ರದಲ್ಲಿ ಆಕೆ ಕೈ ಎತ್ತಿ ಘೋಷಣೆ ಕೂಗುತ್ತಿದ್ದಾಳೆ ಎಂದು ನಾವೆಲ್ಲ ಹೆಮ್ಮೆಪಟ್ಟಿದ್ದೆವು.

ಈ ಸಲ ಕನ್ನಡಕ ಹಾಕಿ ಹತ್ತಿರದಿಂದ ನೋಡಿದೆ. ಆಕೆ ಎಡಗೈ ಎತ್ತಿದ್ದಾಳೆ. ಬಲಗೈಯ ಬೆರಳು ಎಡಗೈಯ ವಾಚಿನ ಮೇಲಿದೆ. ಆಕೆ ಎಲ್ಲಿಗೆ ಹೋಗಬೇಕಿತ್ತು, ಅಲ್ಲಿ ಯಾರು ಕಾಯುತ್ತಿದ್ದರು, ನನಗೆ ಇವತ್ತಿಗೂ ಗೊತ್ತಿಲ್ಲ. ನಾಚಿಕೆಯಾಯಿತು, ಮಾನ್ಯರೇ.

ವಿಚಿತ್ರ ಏನೆಂದರೆ, ನಮ್ಮದು ಆ ಪ್ರಶ್ನೆ ಗೊತ್ತಿಲ್ಲದ ಊರೇನಲ್ಲ. ನಮ್ಮ ಕುದ್ರೋಳಿಯಲ್ಲಿ ಮನೆಯಿಂದ ಹೊರಬಿದ್ದು ಅಂಗಡಿಗೆ ಹೋಗುವಷ್ಟರಲ್ಲಿ ನಾಲ್ಕು ಮಂದಿ ‘ಓಡೆಗ್?’ ಎನ್ನುತ್ತಾರೆ. ತುಳುವಿನಲ್ಲಿ ‘ಎಲ್ಲಿಗೆ?’ ಎಂದರೆ ನಮಸ್ಕಾರ ಎಂದಷ್ಟೇ ಅರ್ಥ, ಉತ್ತರ ಯಾರಿಗೂ ಬೇಕಾಗಿಲ್ಲ. ಚಾ ಕುಡಿಯಲು ಹೊರಟವನನ್ನೂ ಬಿಡದೆ ಕೇಳುವ ನಾವು, ಉತ್ತರ ಬೇಕೇ ಬೇಕಾದ ಒಂದು ಜಾಗದಲ್ಲಿ, ನಾವೇ ತಡೆದ ರಸ್ತೆಯಲ್ಲಿ, ಯಾರನ್ನೂ ಕೇಳಿಲ್ಲ.

ಸರಕಾರಕ್ಕೆ ಬಿಸಿ ಮುಟ್ಟಿಸಲು ರಸ್ತೆ ತಡೆಯುತ್ತೇವೆ ಎನ್ನುತ್ತೇವೆ. ಸರಕಾರಕ್ಕೆ ಮುಟ್ಟಿದ್ದುಂಟೇ? ತಾವು ಆ ದಿನ ಗಾಡಿ ಹೊರಗೇ ತೆಗೆಯುವುದಿಲ್ಲ. ಮದುವೆ ದಿಬ್ಬಣವನ್ನು, ಆಂಬುಲೆನ್ಸನ್ನು ನಾವೇ ಬಿಡುತ್ತೇವೆ. ಇಲ್ಲೇ ಹತ್ತಿರದ ವಾಮಂಜೂರಿನಿಂದ ಬರುವವನಿಗೆ ಒಳದಾರಿಗಳೆಲ್ಲ ಗೊತ್ತು, ಹಾರ್ನ್ ಹಾಕಿ ನಕ್ಕು ಹೋಗುತ್ತಾನೆ. ಪೂರ್ತಿ ಸಿಕ್ಕಿಬೀಳುವವನು ಊರು ನೋಡಲು ಬಂದವನು ಮಾತ್ರ. ಅವನಿಗೆ ಹೂಳೂ ಗೊತ್ತಿಲ್ಲ, ಅಳಿವೆಯೂ ಗೊತ್ತಿಲ್ಲ, ರಸ್ತೆ ಬಂದ್ ಎಂಬ ತಮ್ಮ ಪ್ರಕಟಣೆಯ ಕನ್ನಡವೂ ಬರುವುದಿಲ್ಲ. ಅವನನ್ನು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಅಳಿವೆಯಿಂದ ಒಂದು ಬುಟ್ಟಿ ಮರಳಾದರೂ ಮೇಲೆ ಬರುತ್ತದೆಯೇ?

ಹಾಗೆಂದು ಹೋರಾಟ ಬಿಡುತ್ತೇನೆ ಎಂದು ತಾವು ಸಂತೋಷಪಡಬೇಡಿ. ಹೂಳು ತೆಗೆಯುವವರೆಗೆ ನಂತೂರಿನಲ್ಲಿ ಕೂರುತ್ತೇವೆ. ಕೂರುವ ಕ್ರಮವನ್ನಷ್ಟೇ ತಿದ್ದಿಕೊಳ್ಳುತ್ತೇವೆ, ಅದಕ್ಕೆ ತಮ್ಮ ಒಂದು ಸಹಿ ಬೇಕು. ನನ್ನ ಬೇಡಿಕೆ ಇದು: ಐದನೇ ಕಲಂ ಸಹಿತ ಅರ್ಜಿಯನ್ನು ಮಂಜೂರು ಮಾಡಿ. ಕೇಳುವ ಕೆಲಸಕ್ಕೆ ಮೋಹಿನಿಯನ್ನು ನೇಮಿಸಿದ್ದೇವೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮೀನು ಕೊಳ್ಳಲು ಬಂದವನ ಅವಸರ ನಿಜವೋ ನಾಟಕವೋ ಎಂದು ಮುಖ ನೋಡಿಯೇ ಹೇಳಬಲ್ಲಳು. ಮಂಜೂರಾಗದಿದ್ದರೆ, ದಾರಿ ಬಿಡುವ ಹಕ್ಕಿಗಾಗಿ ತಮ್ಮ ಕಚೇರಿಯ ಗೇಟಿನ ಎದುರೇ ರಸ್ತೆ ತಡೆ ಮಾಡಬೇಕಾಗುತ್ತದೆ. ತಮ್ಮ ಗಾಡಿ ಬಂದರೆ ಮೋಹಿನಿ ಕಿಟಕಿಗೆ ಬಗ್ಗಿ “ಓಡೆಗ್?” ಎಂದು ಕೇಳುತ್ತಾಳೆ. ನಿಜ ಹೇಳಿ, ಬಿಡುತ್ತೇವೆ. ಮೀಟಿಂಗ್ ಎಂದರೆ ಮಾತ್ರ ನಂಬಲಿಕ್ಕಿಲ್ಲ.

ಇಂತಿ,
ದಾರಿ ತೆರೆದ ಮೇಲೂ ಮುಕ್ಕಾಲು ಗಂಟೆ ರಸ್ತೆ ತಡೆದವ,
ದೂಮಪ್ಪ
ಕಾರ್ಯದರ್ಶಿ, ಮೀನುಗಾರರ ಸಂಘ

ಪ್ರತಿ: ಹಡಗಿನಲ್ಲಿರುವ ಮಗ ಭುವನ್‌ಗೆ, ಮಾಹಿತಿಗಾಗಿ. ಆ ದಿನ ಅಮ್ಮ ಹೇಳಿದ್ದು ಪೂರ್ತಿ ನಿಜವಲ್ಲ ಮಗ.