ಕುರ್ಚಿ ಹೊತ್ತವರು

ಬುಧವಾರ, ಸಂಜೆ

ನನ್ನ ಹಟಮಾರಿ ಮಗಳೇ,

ಭಾನುವಾರ ವ್ಯಾನ್ ತಂದು ನನ್ನನ್ನೂ ನನ್ನ ಗಂಟುಮೂಟೆಯನ್ನೂ ನಿನ್ನ ಮನೆಗೆ ಸಾಗಿಸುತ್ತೇನೆ ಎಂದು ಫೋನಿನಲ್ಲಿ ತೀರ್ಪು ಕೊಟ್ಟುಬಿಟ್ಟೆ. ಈ ವಯಸ್ಸಿಗೆ ಮನೆಯಲ್ಲಿ ತೆಪ್ಪಗೆ ಕೂರುವುದೇ ಆರೋಗ್ಯವಂತೆ. ಯಾರು ಹೇಳಿದರೇ ನಿನಗೆ? ನಿಮ್ಮಪ್ಪ ಹೋದ ಮೇಲೆ ತೆಪ್ಪಗೆ ಕೂತು ನೋಡಿದೆನಲ್ಲ! ಕಾಲು ಬಾತುಕೊಂಡಿತು, ನಿದ್ದೆ ಹಾರಿತು, ಮಾತ್ರೆ ನುಂಗಿದೆಯಾ ಎಂದು ಕೇಳಲು ಗೋಡೆಗೆ ಬಾಯಿಲ್ಲ.

ನನ್ನನ್ನು ಎಬ್ಬಿಸಿದ್ದು ನಮ್ಮ ಬೀದಿ ಕೊನೆಯ ಹಳೇ ಬಸ್ ತಂಗುದಾಣ. ಬಸ್ಸು ಬೇರೆ ದಾರಿ ಹಿಡಿದು ವರ್ಷಗಳಾದವು, ಕಲ್ಲುಬೆಂಚು ಉಳಿದಿತ್ತು. ನಾವೆಲ್ಲ 'ರೈಟ್ ರೈಟ್' ಎಂದೇ ಕರೆಯುವ ನಿವೃತ್ತ ಕಂಡಕ್ಟರ್ ಅಲ್ಲಿ ಸೀಟಿ ಊದಿ ನಮ್ಮಂಥ ಮುದುಕ ಮುದುಕಿಯರಿಂದ ಕವಾಯತು ಮಾಡಿಸುತ್ತಾನೆ. ವಾರಕ್ಕೊಮ್ಮೆ ನರ್ಸಮ್ಮ ಬಂದು ಬಿಪಿ ನೋಡುತ್ತಾಳೆ. ಒಂದು ದಿನ ಹೋಗದಿದ್ದರೆ ಸಾಕು, ಮುದುಕ ಬಾಗಿಲಿಗೇ ಬಂದು, "ಏನಮ್ಮಾ, ಹೇಳದೆ ಕೇಳದೆ ಕೊನೇ ಸ್ಟಾಪಲ್ಲಿ ಇಳಿದುಬಿಟ್ರಾ?" ಎಂದು ಕೂಗುತ್ತಾನೆ.

ಕಳೆದ ವಾರ ಪುರಸಭೆಯವರು ಆ ಬೆಂಚು ಕಿತ್ತು, ತಂಗುದಾಣಕ್ಕೆ ಬೀಗ ಜಡಿದರು. ಮುದುಕರು ಸುಮ್ಮನೆ ಕೂತು ಹರಟುತ್ತಾರೆ ಎಂದನಂತೆ ಅಧಿಕಾರಿ. ಸುಮ್ಮನೆ! ಆಯುಸ್ಸೆಲ್ಲ ಗಾರ್ಮೆಂಟ್ಸಿನಲ್ಲಿ ಬೆನ್ನು ಬಗ್ಗಿಸಿ ಊರಿಗೆ ಅಂಗಿ ಹೊಲಿದವಳಿಗೆ ಕೂರಲು ಮೊಳ ಕಲ್ಲಿಲ್ಲವೇ? ಒಬ್ಬೊಬ್ಬರೂ ಮನೆಯಿಂದ ಒಂದೊಂದು ಕುರ್ಚಿ ಹೊತ್ತು ಅವನ ಕಚೇರಿಯ ಪಡಸಾಲೆಗೇ ಹೋದೆವು. ಅಲ್ಲೇ ಘೋಷಣೆ, ಅಲ್ಲೇ ಕವಾಯತು, ಅಲ್ಲೇ ಹರಟೆ, ಅಲ್ಲೇ ಬಿಪಿ. ನೋಡನೋಡುತ್ತ ಗುಮಾಸ್ತರೂ ಅಂಗಿಯ ತೋಳು ಮಡಚಿ ಬಿಪಿ ಸಾಲಿಗೆ ನಿಂತರು. ಅಧಿಕಾರಿ ಕೆಂಡವಾಗಿ ಹೊರಗೆ ಬಂದ. ನರ್ಸಮ್ಮ ಅವನ ತೋಳಿಗೂ ಪಟ್ಟಿ ಸುತ್ತಿದಳು. ಎಲ್ಲರಿಗಿಂತ ಅವನದೇ ಹೆಚ್ಚು! "ಸಾಹೇಬ್ರೇ, ನಮ್ ಜೊತೆ ಸ್ವಲ್ಪ ಹರಟಿ, ಇಳಿಯುತ್ತೆ" ಅಂದೆ. ಅವನು ನಗಲಿಲ್ಲ. ಆದರೆ ಕೂತ. ಮನೆಯಲ್ಲಿ ತನ್ನ ತಾಯಿಯೂ ಹೀಗೇ ಗೋಡೆ ನೋಡುತ್ತ ಮಾತು ಬಿಟ್ಟಿದ್ದಾಳೆ ಎಂದ. ಕರ್ಕೊಂಡು ಬನ್ನಿ ಅಂದೆವು. ಮರುದಿನವೇ ಕರೆತಂದ.

ಇವತ್ತು ಬೀಗದ ಕೈ ನಮ್ಮ ಕೈಗೆ ಬಂತು. ಕೊಟ್ಟೆ ಅನ್ನುವುದು ಅವನ ಮಾತು. ಕಿತ್ತುಕೊಂಡೆವು ಅನ್ನುವುದು ನಮ್ಮದು.

ಧ್ವನಿ ಯಾಕೆ ಒಡೆದಿದೆ ಎಂದು ಕೇಳಿದೆಯಲ್ಲ, ನೆಗಡಿ ಎಂದು ಸುಳ್ಳು ಹೇಳಿದೆ. ಮೊದಲು ಮಾತಾಡುವವರಿಲ್ಲದೆ ತುಕ್ಕು ಹಿಡಿದಿತ್ತು ಕಣೇ. ಈಗ ಕೂಗಿ ಕೂಗಿ ಒಡೆದಿದೆ.

ವ್ಯಾನ್ ಮಾತ್ರ ಮರೆಯದೆ ತಾ. ಕುರ್ಚಿಗಳೆಲ್ಲ ಕಚೇರಿಯಲ್ಲೇ ಇವೆ, ತಂಗುದಾಣಕ್ಕೆ ಸಾಗಿಸಬೇಕು.

ಎಲ್ಲಿಗೂ ಬಾರದ,
ನಿನ್ನ ಅಮ್ಮ

ಇನ್ನೊಂದು ಮಾತು: ನಾನು ಹೊತ್ತೊಯ್ದದ್ದು ನಿಮ್ಮಪ್ಪನ ಕುರ್ಚಿ. ಅವರು ಹೋದ ಮೇಲೆ ನಿನಗೂ ಕೂರಲು ಬಿಡದೆ ನಾನು ಕಾದಿಟ್ಟಿದ್ದ ಅದನ್ನು ಅಧಿಕಾರಿಯ ತಾಯಿಗೆ ಕೊಟ್ಟೆ. ಇವತ್ತು ಬೆಳಿಗ್ಗೆ ಆಕೆ ಬಾಯಿ ಬಿಟ್ಟಳು: "ಆ ಸೀಟಿ ಸ್ವಲ್ಪ ಮೆಲ್ಲಗೆ ಊದಪ್ಪಾ, ಕಿವಿ ಹರಿದುಹೋಗುತ್ತೆ." ಮಧ್ಯಾಹ್ನಕ್ಕೆ ಮಗ ಬೀಗ ತೆಗೆಸಿದ.