ವಾಸನೆ ಇಲ್ಲದ ಬಟ್ಟಲು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 10.30

ಮೂರನೇ ಸಲ. ಪಾಸ್ತಾ ಮತ್ತೆ ಮುದ್ದೆ. ಪೂರ್ತಿ ಹಾಲಲ್ಲೇ ಬೇಯಿಸಬಾರದು. ನೀರಲ್ಲಿ ಏಳು ನಿಮಿಷ, ಬಸಿದು, ಆಮೇಲೆ ಬಿಸಿ ಹಾಲಲ್ಲಿ ನಾಲ್ಕು. ಬರೆದಿಟ್ಟುಕೊಂಡೆ.

ಶೆಫ್‌ಗೆ ಈ ಹುಚ್ಚು ಎಲ್ಲಿಂದ ಹತ್ತಿತೋ. ಹೋಟೆಲಿಗೆ ಬರೋ ಮಕ್ಕಳು ಬೆಳಗಿನ ತಿಂಡಿ ಮುಟ್ಟಲ್ಲವಂತೆ, ಪಾಸ್ತಾ ಅಂದರೆ ಓಡಿ ಬರ್ತಾರಂತೆ. ಹಾಗಾದರೆ ಪಾಸ್ತಾನೇ ಸಿಹಿ ಮಾಡಿ, ಹಣ್ಣು ಹಾಕಿ, ಬಟ್ಟಲಲ್ಲಿ ಕೊಡಿ ಅಂದರು. ಹದಿನಾಲ್ಕು ವರ್ಷದಿಂದ ಇಲ್ಲಿ ಬೆಳಗಿನ ಒಲೆ ನನ್ನದು. ಇಂಥ ಜೋಡಿ ಕಂಡಿರಲಿಲ್ಲ. ಆದರೂ ಬಾಳೆಹಣ್ಣು, ಸೇಬು, ಕಿತ್ತಳೆ ತೊಳೆ, ಮೇಲೆ ಕ್ರೀಮು, ಚಕ್ಕೆ ಪುಡಿ... ನೋಡಲು ಚೆಂದವೇ.

ರುಚಿ ಮಾತ್ರ ಸಪ್ಪೆ. ಜೇನು ಹಾಕಿದೆ. ಸಪ್ಪೆ. ಇನ್ನೂ ಹಾಕಿದೆ. ಬ್ರೆಡ್ ಸುಡುವ ಉದ್ದಣ್ಣ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಅಕ್ಕಾ, ಜೇನುಹುಟ್ಟಿನ ಸಮೇತ ಹಿಂಡಿಬಿಟ್ರಾ?"

ಕಳೆದ ವಾರದ ಜ್ವರ ಇನ್ನೂ ನಾಲಗೆ ಬಿಟ್ಟಿಲ್ಲ ಅಂತ ಕಾಣುತ್ತೆ.

ಮಾರ್ಚ್ 6, ಬುಧವಾರ

ಚಕ್ಕೆ ಪುಡಿ ಡಬ್ಬಿ ತೆರೆದೆ. ವಾಸನೆ ಇಲ್ಲ. ಹಳೆಯದು ಅಂದುಕೊಂಡು ಹೊಸ ಪ್ಯಾಕೆಟ್ ಒಡೆದೆ. ಇಲ್ಲ. ಕಾಫಿ ಪುಡಿಗೆ ಮೂಗು ಹೂತೆ. ಮೂಗಿನ ತುದಿಗೆ ಪುಡಿ ಅಂಟಿತು, ಅಷ್ಟೆ. ಲವಂಗ. ಬೆಳ್ಳುಳ್ಳಿ. ನೆಲ ಒರೆಸುವ ಫಿನೈಲ್.

ಏನೂ ಇಲ್ಲ. ಒಂದು ಕಡ್ಡಿಯಷ್ಟೂ ಇಲ್ಲ.

ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತೆ. ವಾಸನೆ ಬರಲ್ಲ.

ಸ್ಟೋರ್ ರೂಮಿನಲ್ಲಿ ಮೈದಾ ಮೂಟೆ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತಿದ್ದೆನೋ. ಉದ್ದಣ್ಣ ಬಾಗಿಲಲ್ಲಿ ಬಗ್ಗಿ ನೋಡಿ "ಬಿಪಿನಾ ಅಕ್ಕಾ?" ಅಂದ. ಹೂಂ ಅಂದೆ.

ಮಾರ್ಚ್ 9, ಶನಿವಾರ

ಮೂಗಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಸಣ್ಣ ಸಣ್ಣ ಬಾಟಲಿ ಮೂಸಿಸಿದರು. ಎಲ್ಲವೂ ನೀರು.

"ಉಪ್ಪು, ಸಿಹಿ, ಹುಳಿ ನಾಲಗೆಗೆ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಮೂಗಿನದು. ಜ್ವರಕ್ಕೆ ನರ ಪೆಟ್ಟು ತಿಂದಿದೆ. ವಾರದಲ್ಲಿ ಬರಬಹುದು, ವರ್ಷ ಹಿಡಿಯಬಹುದು..."

"ಬರದೇನೂ ಇರಬಹುದಾ?"

"ಹಾಗೇಕೆ ಅಂದುಕೊಳ್ತೀರಿ? ಏನು ಕೆಲಸ ಮಾಡ್ತೀರಿ?"

"ಅಡುಗೆ."

ಬರೆಯುತ್ತಿದ್ದ ಪೆನ್ನು ನಿಂತಿತು. ಆಮೇಲೆ ಧೈರ್ಯದ ಮಾತು ಹೇಳಿದರು. ಮೂಗಿಗೆ ತುಪ್ಪ ಸವರಿ ಕಳಿಸಿದರು ಅನ್ನಿ. ಆ ತುಪ್ಪದ ವಾಸನೆಯಾದರೂ ಬರಬೇಡವೇ.

ಯಾರಿಗೂ ಹೇಳಿಲ್ಲ. ಇವರು ಲಾರಿ ತಗೊಂಡು ಹೋದವರು ತಿಂಗಳ ಕೊನೆಗೇ ಬರೋದು. ಮನೇಲಿ ನಾನು, ಅತ್ತೆ. ಅತ್ತೆಗೆ ಹೇಳೋದಾ? ಹತ್ತೊಂಬತ್ತು ವರ್ಷದಿಂದ ನನ್ನ ಮೊಸರಲ್ಲಿ ಕಲ್ಲು ಹುಡುಕಿದವರು. ಕೊನೆಗೂ ಸಿಕ್ಕಿತು ಅಂತ ಸಂಭ್ರಮ ಪಟ್ಟಾರು.

ಮಾರ್ಚ್ 12, ಮಂಗಳವಾರ

ಈಗೆಲ್ಲ ಲೆಕ್ಕದ ಅಡುಗೆ. ತಕ್ಕಡಿ, ಗಡಿಯಾರ. ಬೆಣ್ಣೆ ಕರಗಿದ್ದು ಸದ್ದಿನಿಂದ, ಬ್ರೆಡ್ ಕೆಂಪಾದದ್ದು ಕಣ್ಣಿಂದ. ಯಾರಿಗೂ ಅನುಮಾನ ಬಂದಿಲ್ಲ. ಬಟ್ಟಲಿಗೆ ಜೇನು ಎರಡೇ ಚಮಚ, ಅಳೆದು. "ಈಗ ಹದವಾಯ್ತು ನೋಡಿ" ಅಂದರು ಶೆಫ್. ನಗು ಬಂತು. ಅಳುವೂ.

ಸಂಜೆ ಇನ್ನೊಂದು. ಅತ್ತೆಗೆ ಟೀ ಕೊಟ್ಟೆ. ಒಂದು ಗುಟುಕು ಕುಡಿದು ನನ್ನನ್ನೇ ನೋಡಿದರು. ಪೂರ್ತಿ ಕುಡಿದರು.

"ಚೆನ್ನಾಗಿದೆ" ಅಂದರು.

ಎದೆ ಧಸಕ್ಕೆಂದಿತು. ಡಾಕ್ಟರ ಮಾತಿಗೂ ಇಷ್ಟು ಹೆದರಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ! ಅತ್ತೆಗೇ ಏನಾದರೂ ಆಗಿದೆಯೋ ಏನೋ. ಹಣೆ ಮುಟ್ಟಿ ನೋಡೋಣ ಅನ್ನಿಸಿತು. ಮುಟ್ಟಲಿಲ್ಲ.

ಮಾರ್ಚ್ 17, ಭಾನುವಾರ. ಮಧ್ಯಾಹ್ನ 3.00, ಆಸ್ಪತ್ರೆ

ವಾರ್ಡಿನ ಹೊರಗೆ ಕೂತು ಬರೀತೀನಿ, ಇಲ್ಲಾಂದ್ರೆ ತಲೆ ಕೆಡುತ್ತೆ.

ಇವತ್ತು ಮೊದಲ ಸಲ ಬಟ್ಟಲು ಹೊರಗೆ ಹೋಯಿತು. ಎರಡು ಟೇಬಲ್‌ಗೆ ಕೊಟ್ಟು ನೋಡಿ ಅಂದಿದ್ದರು ಶೆಫ್. ಸಣ್ಣ ಫ್ರಿಜ್ಜಿನ ಕ್ರೀಮು ಹಾಕಿದೆ. ಬಾಯಿಗಿಟ್ಟು ನೋಡಿದೆ. ಸ್ವಲ್ಪ ಹುಳಿ. ಕಿತ್ತಳೆಯದು ಅಂದುಕೊಂಡೆ. ಕಿತ್ತಳೆಯದೇ ಅಂದುಕೊಂಡೆ! ಒಂದು ಬಟ್ಟಲು ನಾಲ್ಕನೇ ಟೇಬಲ್‌ಗೆ. ಒಂದು ಆರಕ್ಕೆ, ಅಪ್ಪ ಅಮ್ಮನ ಜೊತೆ ಬಂದ ಪುಟ್ಟ ಹುಡುಗಿ, ಐದು ವರ್ಷ ಇರಬಹುದು. ಉಳಿದದ್ದು ಡಬ್ಬಿಗೆ ತುಂಬಿ ಮನೆಗೆ ತಂದೆ.

ಅತ್ತೆ ಮುಚ್ಚಳ ತೆಗೆದರು. ಚಮಚ ಹಾಕಲೂ ಇಲ್ಲ. ಸೀದಾ ಹೋಗಿ ಡಬ್ಬಿ ಸಿಂಕಿಗೆ ಸುರಿದರು.

"ಏನತ್ತೆ ಇದು! ಬಾಯಿಗಾದ್ರೂ..."

"ಕ್ರೀಮು ಹಳಸಿ ನಾರ್ತಿದೆ ಕಣೆ. ನಿಂಗೆ ವಾಸನೆ ಬರ್ತಿಲ್ಲ, ಅಲ್ವಾ?"

ಸಿಂಕಿಗೆ ಬಗ್ಗಿ ಮೂಸಿದೆ. ಏನೂ ಇಲ್ಲ.

"ಮಂಗಳವಾರ ಸೋಪಿನ ನೀರು ಉಳಿದ ಲೋಟದಲ್ಲಿ ಟೀ ಕೊಟ್ಟೆ. ಕೊಡೋ ಮುಂಚೆ ನೀನು ಮೂಸಿ ನೋಡಿದೆ ಬೇರೆ. ಆಗಲೇ ಗೊತ್ತಾಯ್ತು ನಂಗೆ."

"ಚೆನ್ನಾಗಿದೆ ಅಂದ್ರಲ್ಲ..."

"ಇನ್ನೇನನ್ನಲಿ? ಮುಖ ನೋಡಿದ್ರೆ ಈಗಲೋ ಆಗಲೋ ಬಿದ್ದುಹೋಗೋ ಗೋಡೆ ಥರ ಇದ್ದೆ. ನೀನಾಗಿ ಹೇಳ್ತೀಯ ಅಂತ ಕಾದೆ." ಆಮೇಲೆ ದನಿ ಇಳಿಸಿದರು. "ಇದನ್ನ ಅಲ್ಲಿ ಯಾರಿಗಾದ್ರೂ ಕೊಟ್ಟಿದ್ದೀಯಾ?"

ಫೋನ್ ಬ್ಯಾಗಿನಲ್ಲಿತ್ತು. ಉದ್ದಣ್ಣನದೇ ಒಂಬತ್ತು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಅಕ್ಕಾ, ಆರನೇ ಟೇಬಲ್ ಮಗು ಹನ್ನೊಂದು ಗಂಟೆಯಿಂದ ವಾಂತಿ ಮಾಡ್ಕೊಳ್ತಿದೆ. ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಫ್ರಿಜ್ ಪ್ಲಗ್ ಕಿತ್ತು ಬಂದಿದೆ, ನಿನ್ನೆಯಿಂದಾನೋ ಏನೋ. ಅದಿರಲಿ, ಕ್ರೀಮಿನ ಮುಚ್ಚಳ ತೆಗೆದರೆ ಮೂರು ಮಾರು ದೂರ ನಾತ ಹೊಡೆಯುತ್ತಲ್ಲ ಅಕ್ಕಾ. ನಿಮಗೆ ಹೆಂಗೆ ಗೊತ್ತಾಗಲಿಲ್ಲ?"

ಮುಂದಿನದು ಸರಿಯಾಗಿ ನೆನಪಿಲ್ಲ. ಆಟೋ. ಅತ್ತೆ ಮನೆ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿ ಹತ್ತಿದ್ದರು. ಬೇಡ ಅಂದೆ. "ಸುಮ್ನೆ ಕೂತ್ಕೋ" ಅಂದರು.

ನಾಲ್ಕನೇ ಟೇಬಲ್‌ನವರು ಎರಡು ಚಮಚ ತಿಂದು ಬಿಟ್ಟಿದ್ದರಂತೆ. ಈ ಮಗು ಬಟ್ಟಲು ನೆಕ್ಕಿ ತಿಂದಿದೆ.

ಡ್ರಿಪ್ ಹಾಕಿದ್ದಾರೆ. ಅಷ್ಟು ಚಿಕ್ಕ ಕೈಗೆ ಅಷ್ಟು ದೊಡ್ಡ ಪಟ್ಟಿ.

ಅದೇ ದಿನ, ಸಂಜೆ 6.00

ವಾಂತಿ ನಿಂತಿದೆ. ನೀರು ಕುಡಿದಳು. ನಾಳೆ ಬೆಳಿಗ್ಗೆ ಮನೆಗೆ ಅಂದರು ನರ್ಸ್.

ಮಗುವಿನ ಅಮ್ಮನ ಮುಂದೆ ಹೋಗಿ ನಿಂತೆ. "ನಾನೇ ಮಾಡಿದ್ದು. ನನಗೆ ಹನ್ನೊಂದು ದಿನದಿಂದ ವಾಸನೆ ಇಲ್ಲ. ಗೊತ್ತಿದ್ದೂ ಒಲೆ ಮುಂದೆ ನಿಂತೆ."

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. "ಕೆಲಸ ಹೋಗುತ್ತೆ ಅಂತ ಹೇಳಲಿಲ್ವಾ?" ಅಂತ ಕೇಳಿದರು. ಹೂಂ ಅಂದೆ. "ನನ್ನ ಮಗಳು ಹೋಗಿದ್ರೆ?" ಅಂದರು.

ಮಂಚದ ಮೇಲಿಂದ ಹುಡುಗಿ ಕೇಳಿತು, "ಪಾಸ್ತಾ ಆಂಟಿನಾ?" ಅಮ್ಮ ಪರದೆ ಎಳೆದರು.

ಮಾರ್ಚ್ 18, ಸೋಮವಾರ

ಮನೆಗೆ ಹೋದಳಂತೆ. ನಡೆದುಕೊಂಡೇ.

ಮಾರ್ಚ್ 21, ಗುರುವಾರ

ಶೆಫ್ ಮುಂದೆ ಎಲ್ಲ ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಹದಿನಾಲ್ಕು ವರ್ಷ. ಒಂದು ಮಾತು ಹೇಳಬಾರದಿತ್ತಾ? ನಾನೇನು ಹುಲಿನಾ?"

"ಒಲೆಯಿಂದ ತೆಗೀತಿದ್ರಿ."

"ತೆಗೀತಿದ್ದೆ. ಈಗಲೂ ತೆಗೀತೀನಿ."

ನಾಳೆಯಿಂದ ಹಣ್ಣು ಹೆಚ್ಚುವ ಮೇಜು. ಮೂಗು ಸರಿಹೋಗುವ ತನಕ, ಅಂದರು. ಸರಿಹೋಗದಿದ್ದರೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಲೆ ದಾಟಿ ಬರುವಾಗ ಯಾರೂ ತಲೆ ಎತ್ತಲಿಲ್ಲ. ಉದ್ದಣ್ಣ ಮಾತ್ರ ಬಿಸಿ ಬ್ರೆಡ್ ಒಂದು ಕೈಗಿಟ್ಟ. ಬಿಸಿ ಗೊತ್ತಾಯಿತು.

ಏಪ್ರಿಲ್ 2, ಮಂಗಳವಾರ

ಸೇಬು, ಅನಾನಸ್, ಕಲ್ಲಂಗಡಿ. ದಿನಕ್ಕೆ ನಾಲ್ಕು ಬುಟ್ಟಿ. ಬಟ್ಟಲು ಮೆನುವಿನಿಂದ ಹೋಯಿತು.

ಇವರು ಬಂದಿದ್ದಾರೆ. ಅತ್ತೆಯೇ ಎಲ್ಲ ಹೇಳಿದರು, ನನ್ನ ಪರವಾಗಿ. ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ. "ಅವಳ ಕೈ ಗುಣ ಎಲ್ಲಿಗೂ ಹೋಗಿಲ್ಲ" ಅಂದರು. ಮತ್ತೆ ಅದೇ ಧಸಕ್ಕು. ಅಭ್ಯಾಸವೇ ಆಗ್ತಿಲ್ಲ.

ದಿನಾ ಸಂಜೆ ಅತ್ತೆ ನನ್ನನ್ನು ಕೂರಿಸಿ ಒಂದೊಂದೇ ಡಬ್ಬಿ ಮೂಗಿನ ಕೆಳಗೆ ಹಿಡಿಯುತ್ತಾರೆ. "ಇದು?" "ಇಲ್ಲ." "ಇದು?" "ಇಲ್ಲ ಅತ್ತೆ." "ನೆನಪು ಮಾಡ್ಕೊಂಡು ಮೂಸು." ಡಾಕ್ಟರೂ ಹಾಗೇ ಮಾಡಿ ಅಂದರು.

ಏಪ್ರಿಲ್ 19, ಶುಕ್ರವಾರ

ಸಂಜೆ ಐದೂವರೆ. ಅತ್ತೆ ಬಾಳೆಹಣ್ಣು ಸುಲಿದು ಮೂಗಿನ ಹತ್ತಿರ ತಂದರು.

ಹಿಂದಕ್ಕೆ ಜಿಗಿದೆ. ಕುರ್ಚಿ ಬಿತ್ತು.

"ಥೂ! ಏನಿದು ನಾತ! ಟೈರ್ ಸುಟ್ಟ ಹಾಗೆ!"

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಇವತ್ತು ತಂದ ಹಣ್ಣು ಕಣೆ! ನಾನೇ ಆರಿಸಿ ತಂದದ್ದು! ನಾತ ಅಂತೀಯಾ..." ಅಲ್ಲಿಗೇ ನಿಂತರು. ಹಣ್ಣು ಕೈಯಿಂದ ಜಾರಿತು.

"ನಾತ ಅಂದ್ಯಾ?"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಇವರು ಓಡಿ ಬಂದರು, ಯಾರೋ ಸತ್ತರು ಅಂತ.

ಡಾಕ್ಟರಿಗೆ ಫೋನ್ ಮಾಡಿದೆ. ನರ ಚಿಗುರುವಾಗ ಮೊದಮೊದಲು ವಾಸನೆ ಹೀಗೆ ತಿರುಚಿಕೊಂಡು ಬರೋದುಂಟಂತೆ. ಸರಿಹೋಗಲು ತಿಂಗಳುಗಳು ಹಿಡಿಯಬಹುದಂತೆ. ಹಿಡಿಯಲಿ.

ಏಪ್ರಿಲ್ 20, ಶನಿವಾರ. ಸಂಜೆ

ಕಾಫಿ — ಕೊಳೆತ ಮೊಟ್ಟೆ. ಸೋಪು — ತುಕ್ಕು ಹಿಡಿದ ಕಬ್ಬಿಣ. ಸೇಬು — ಇನ್ನೂ ಏನೂ ಇಲ್ಲ. ಇವರ ಅಂಗಿ — ಬರೆಯಲ್ಲ.

ಪಾಸ್ತಾ ಬೇಯಲು ಇಟ್ಟಿದ್ದೇನೆ, ಮನೆಯವರಿಗೆ ಮಾತ್ರ. ಕ್ರೀಮು ಬೇಡವೇ ಬೇಡ. ನೀರಲ್ಲಿ ಏಳು ನಿಮಿಷ, ಇನ್ನೂ ಎರಡು ಉಳಿದಿದೆ. ಅತ್ತೆ ಬಾಗಿಲಿಂದಲೇ ಕೂಗುತ್ತಿದ್ದಾರೆ. ಬುಟ್ಟಿ ತುಂಬ ಹಣ್ಣು ತಂದಿದ್ದಾರಂತೆ, ಎಲ್ಲವನ್ನೂ ಒಂದೊಂದಾಗಿ ಮೂಸಬೇಕಂತೆ. ದಮ್ಮಯ್ಯ ಅತ್ತೆ, ಬಾಳೆಹಣ್ಣೊಂದು ಬಿಟ್ಟು ಬೇರೆ ಯಾವುದಾದರೂ—